ಕಾಕ್ ಗೆರೆ ಮೇಲೆ ಬಿದ್ದಿತ್ತು, ನನಗೆ ಔಟ್ ಅಂತಲೇ ಕಾಣಿಸ್ತು. ಆಸೆ ಕಣ್ಣಿನ ತನಕ ಹೋಗುತ್ತಾ?

ಹಿಂದಿನ_ಗೆರೆ:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ಸಹಿಸ್ಕೊಳ್ಳಿ.

ಹೋದ ಭಾನುವಾರ ಶಟಲ್ ಡಬಲ್ಸ್ ಆಡ್ತಿದ್ವಿ. ಮೂರನೇ ಗೇಮ್, ನಾವು 19, ಅವರು 20. ಅಂಪೈರ್ ಗಿಂಪೈರ್ ಯಾರೂ ಇಲ್ಲ, ಕಾಕ್ ಯಾರ ಕಡೆ ಬೀಳುತ್ತೋ ಅವರೇ ಇನ್ನೋ ಔಟೋ ಹೇಳ್ಬೇಕು. ಆ ಕಡೆಯವನು ಎತ್ತರಕ್ಕೆ ಒಂದು ಹೊಡೆದ, ನನ್ನ ತಲೆ ಮೇಲೆ ಹೋಗಿ ಹಿಂದಿನ ಗೆರೆ ಹತ್ರ ಬಿತ್ತು, ನಾನು ಔಟ್ ಅಂದೆ. ಬಾಯಿಗೆ ಬಂದಿದ್ದು ಅಂದಿದ್ದಲ್ಲ, ಕಂಡಿದ್ದನ್ನೇ ಅಂದೆ. ಗೆರೆಗೂ ಕಾಕ್‌ಗೂ ಮಧ್ಯೆ ಎರಡು ಬೆರಳಷ್ಟು ನೆಲ ಕಾಣಿಸ್ತು ನನಗೆ, ಈಗ ಕಣ್ಣು ಮುಚ್ಚಿದ್ರೂ ಆ ಎರಡು ಬೆರಳು ಜಾಗ ಹಾಗೇ ಇದೆ. 20-20 ಆಯ್ತು, ಆಮೇಲೆ 22-20ಕ್ಕೆ ನಾವೇ ಗೆದ್ವಿ.

ಎಡವಟ್ಟಾಗಿದ್ದು ರಾತ್ರಿ. ನನ್ನ ಪಾರ್ಟ್ನರ್ ನಮ್ಮ ಫುಟ್‌ವರ್ಕ್ ಎಲ್ಲಿ ತಪ್ತಿದೆ ನೋಡ್ಕೊಳ್ಳೋಣ ಅಂತ ಫೋನನ್ನ ಕೋರ್ಟ್ ಹಿಂದೆ ಬ್ಯಾಗಿಗೆ ಒರಗಿಸಿ ರೆಕಾರ್ಡಿಂಗ್ ಹಾಕಿದ್ದ, ಆ ವಿಡಿಯೋ ಕಳಿಸಿದ. ಸ್ಲೋ ಮಾಡಿ ನೋಡಿದ್ರೆ ಕಾಕ್‌ನ ತಲೆ ಸೀದಾ ಬಿಳಿ ಗೆರೆ ಮೇಲೆ ಬಿದ್ದಿದೆ. ಅಂಚು ಸವರಿದ್ದಲ್ಲ, ನಟ್ಟನಡುವೆ. ಗೆರೆ ಮುಟ್ಟಿದ್ರೆ ಇನ್, ಅದರಲ್ಲಿ ವಾದ ಇಲ್ಲ. ಅಂದ್ರೆ ಮ್ಯಾಚ್ ಅಲ್ಲಿಗೇ ಮುಗೀಬೇಕಿತ್ತು.

ನನ್ನ ತಲೆ ತಿಂತಿರೋದು ಸೋಲು ಗೆಲುವಲ್ಲ. ನಾನು ಸುಳ್ಳು ಹೇಳಿದ್ನಾ, ಇಲ್ಲ ನಿಜವಾಗ್ಲೂ ತಪ್ಪಾಗಿ ಕಾಣಿಸ್ತಾ? ಆಸೆ ಇದ್ರೆ ತೀರ್ಮಾನ ಕೆಡುತ್ತೆ ಅನ್ನೋದು ಎಲ್ಲರಿಗೂ ಗೊತ್ತಿರೋದೇ. ಆದ್ರೆ ಅದು ಕಣ್ಣಿಗೇ ಕೈ ಹಾಕುತ್ತಾ? ಎದುರಿಗಿರೋ ಬಿಳಿ ಗೆರೆನೇ ಅತ್ತ ಸರಿಸುತ್ತಾ? ಗೊತ್ತಿರೋರು ಹೇಳಿ. "ನೀನು ಮೋಸಗಾರ" ಅನ್ನೋರು ಸಾಲಲ್ಲಿ ಬನ್ನಿ, ನನ್ನ ಪಾರ್ಟ್ನರ್ ಮೊದಲು ನಿಂತಿದಾನೆ.


ಹರಟೆಮಲ್ಲಿ:

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಅದರಲ್ಲಿ ಯಾವ ತಾಯಿನೂ ಸುಳ್ಳು ಹೇಳ್ತಿಲ್ಲ ಸರ್, ಅವಳ ಕಣ್ಣಿಗೆ ಅದು ಮುದ್ದಾಗೇ ಕಾಣುತ್ತೆ. ನಿಮ್ಮದೂ ಅದೇ ಕೇಸು.

ನನ್ನದೊಂದು ಕೇಳಿ. ತಂಗಿ ತುಂಬಾ ವರ್ಷ ಆದ್ಮೇಲೆ ಬರ್ತಿದ್ಲು, ನಾನು ರೈಲ್ವೆ ಪ್ಲಾಟ್‌ಫಾರಂ ಮೇಲೆ ಒಂದು ಗಂಟೆಯಿಂದ ಕಾಯ್ತಿದ್ದೆ. ರೈಲು ಬಂತು, ಜನ ಇಳಿದ್ರು, ಅಗೋ ಬಂದ್ಲು ಅಂತ ಕೈ ಬೀಸ್ಕೊಂಡು ಓಡಿದೆ, ಅದೇ ತೋಳು ಬೀಸ್ಕೊಂಡು ನಡೆಯೋದು, ಅದೇ ಮೂಗು, ಅದೇ ನಗು. ಹತ್ತು ಹೆಜ್ಜೆ ದೂರಕ್ಕೆ ಬಂದಾಗ ಆ ಮುಖ ಫಟ್ ಅಂತ ಬದಲಾಗಿ ಯಾರೋ ಐವತ್ತು ದಾಟಿದ ಹೆಂಗಸಿನದಾಯ್ತು. ನಿಧಾನಕ್ಕೆ ಬದಲಾಗಿದ್ರೆ ದೂರದಿಂದ ಸರಿಯಾಗಿ ಕಾಣ್ಲಿಲ್ಲ ಅಂದ್ಕೋಬಹುದಿತ್ತು, ಆದ್ರೆ ಆ ಕ್ಷಣದವರೆಗೂ ನಾನು ನೋಡ್ತಿದ್ದಿದ್ದು ನನ್ನ ತಂಗಿ ಮುಖಾನೇ, ಮೂಗು ಸಮೇತ! ಆಯಮ್ಮ ಪಾಪ ನನಗೆ ವಾಪಸ್ ಕೈ ಬೀಸಿದ್ರು.

ಸಾಲ ಕೊಟ್ಟೋನನ್ನ ತಪ್ಪಿಸ್ಕೊಂಡು ಓಡಾಡೋರನ್ನ ಕೇಳಿ, ಅವರಿಗೂ ಹಿಂಗೇ ಎಲ್ಲಿ ನೋಡಿದ್ರೂ ಅದೇ ಮುಖ. ಅಲ್ಲಿ ಆಸೆ ಬದಲು ಭಯ, ಅಷ್ಟೇ. ನಮ್ಮ ವೇದಾಂತದವರು ಎರಡಕ್ಕೂ ಒಂದೊಂದು ಉದಾಹರಣೆ ಇಟ್ಕೊಂಡಿದಾರೆ, ಮಬ್ಬಲ್ಲಿ ಹಗ್ಗ ಹಾವಾಗಿ ಕಾಣೋದು, ಹೊಳೆಯೋ ಕಪ್ಪೆಚಿಪ್ಪು ಬೆಳ್ಳಿಯಾಗಿ ಕಾಣೋದು. ನಾನು ಪಂಡಿತೆ ಅಲ್ಲಪ್ಪ, ಆದ್ರೆ ಒಂದು ಗಮನಿಸಿ, ಎಷ್ಟೇ ದುರಾಸೆ ಇದ್ರೂ ಚಿಪ್ಪು ಬೆಳ್ಳಿ ಥರ ಕಾಣುತ್ತೆ ಹೊರತು ಚಿನ್ನದ ಥರ ಕಾಣಲ್ಲ. ಚಿಪ್ಪಿಗೂ ಬೆಳ್ಳಿಗೂ ಹೊಳಪು ಒಂದೇ ಇರೋದಕ್ಕೆ ಆಸೆಗೆ ಒಳಗೆ ಬರೋಕೆ ಸಂದು ಸಿಗುತ್ತೆ. ನಿಮ್ಮ ಕಾಕ್ ಗೆರೆಯಿಂದ ಒಂದಡಿ ಒಳಗೆ ಬಿದ್ದಿದ್ರೆ ನಿಮ್ಮ ಆಸೆ ಅಪ್ಪನಾಣೆಗೂ ಅದನ್ನ ಔಟ್ ಮಾಡ್ತಿರಲಿಲ್ಲ.


ಎರಡನೇ_ಸಾಲು:

ಮಲ್ಲಿಯವರು ಕೊನೆಗೆ ಹೇಳಿದ ಮಾತು ಬಹಳ ಮುಖ್ಯ, ಅದನ್ನ ಹಿಡ್ಕೊಂಡೇ ಮುಂದೆ ಹೋಗ್ತೀನಿ. ನಾನು ಸೈಕಾಲಜಿ ಓದಿದೋನು, ಈಗ ಮಾಡೋ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ, ಹಾಗಾಗಿ ಇಂಥ ಪ್ರಶ್ನೆ ಕಂಡ್ರೆ ಕೈ ತುರಿಸುತ್ತೆ.

ಇದಕ್ಕೆ ತೀರಾ ಹತ್ತಿರದ ಅಧ್ಯಯನ ಆಟದ ಮೈದಾನದಿಂದಲೇ ಬಂದಿದ್ದು. 1951ರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಮಧ್ಯೆ ಒಂದು ಫುಟ್‌ಬಾಲ್ ಮ್ಯಾಚ್ ಆಯ್ತು (ಅವರ ಫುಟ್‌ಬಾಲ್, ಕೈಯಲ್ಲಿ ಹಿಡ್ಕೊಂಡು ಓಡೋದು). ಸಿಕ್ಕಾಪಟ್ಟೆ ಒರಟು ಆಟ, ಪ್ರಿನ್ಸ್‌ಟನ್‌ನ ಸ್ಟಾರ್ ಆಟಗಾರನ ಮೂಗು ಮುರೀತು, ಡಾರ್ಟ್‌ಮತ್‌ನವನೊಬ್ಬನ ಕಾಲು ಮುರೀತು, ಆಮೇಲೆ ಎರಡೂ ಕಡೆಯವರು ನೀವೇ ಶುರು ಮಾಡಿದ್ದು ನೀವೇ ಅಂತ ಕಿತ್ತಾಡಿದ್ರು. ಹ್ಯಾಸ್ಟಾರ್ಫ್, ಕ್ಯಾಂಟ್ರಿಲ್ ಅಂತ ಇಬ್ಬರು ಸಂಶೋಧಕರು ಎರಡೂ ಕಡೆ ವಿದ್ಯಾರ್ಥಿಗಳಿಗೆ ಆ ಮ್ಯಾಚಿನ ಒಂದೇ ಫಿಲ್ಮ್ ತೋರಿಸಿ, ಫೌಲ್ ಕಂಡಾಗೆಲ್ಲ ಗುರುತು ಹಾಕಿ ಅಂದ್ರು. 1954ರಲ್ಲಿ ಪ್ರಕಟ ಆಯ್ತು. ಡಾರ್ಟ್‌ಮತ್ ತಂಡ ಮಾಡಿದ ಫೌಲ್ ಡಾರ್ಟ್‌ಮತ್ ಹುಡುಗರಿಗೆ ಸರಾಸರಿ 4.3 ಕಂಡ್ರೆ, ಪ್ರಿನ್ಸ್‌ಟನ್ ಹುಡುಗರಿಗೆ 9.8 ಕಂಡಿತ್ತು. ಒಂದೇ ರೀಲು, ಎರಡರಷ್ಟಕ್ಕಿಂತ ಜಾಸ್ತಿ ವ್ಯತ್ಯಾಸ.

ಸರಿ, ಇದು ಕಣ್ಣಿಂದಾ ಬಾಯಿಂದಾ ಅನ್ನೋದು ಇಲ್ಲಿ ಗೊತ್ತಾಗಲ್ಲ. ಅದಕ್ಕೇ 2006ರಲ್ಲಿ ಬಾಲ್ಸೆಟಿಸ್ ಮತ್ತು ಡನ್ನಿಂಗ್ ಒಂದು ಕಿತಾಪತಿ ಮಾಡಿದ್ರು. 13ನ್ನ ಒತ್ತೊತ್ತಾಗಿ ಬರೆದ್ರೆ ಇಂಗ್ಲಿಷಿನ ಬಿ ಅಕ್ಷರದ ಥರಾನೂ ಕಾಣುತ್ತಲ್ಲ, ಅದನ್ನ ಬಳಸ್ಕೊಂಡ್ರು. ಬಂದೋರ ಮುಂದೆ ಎರಡು ಲೋಟ, ಒಂದರಲ್ಲಿ ಕಿತ್ತಳೆ ಜ್ಯೂಸು, ಇನ್ನೊಂದರಲ್ಲಿ ಮೂಗು ಮುಚ್ಕೋಬೇಕು ಅನ್ನೋ ಹಸಿರು ಲೋಳೆ. ಕಂಪ್ಯೂಟರಲ್ಲಿ ಅಕ್ಷರ ಬಂದ್ರೆ ಜ್ಯೂಸು, ಅಂಕಿ ಬಂದ್ರೆ ಲೋಳೆ ಅಂತ ಕೆಲವರಿಗೆ, ಇನ್ನು ಕೆಲವರಿಗೆ ಉಲ್ಟಾ. ಆಮೇಲೆ ಆ ಚಿತ್ರ ಒಂದು ಕ್ಷಣ ಮಿಂಚಿ ಮಾಯ. ಅಕ್ಷರ ಬೇಕಾಗಿದ್ದೋರಿಗೆ ಹೆಚ್ಚಾಗಿ ಬಿ ಕಂಡಿತ್ತು, ಅಂಕಿ ಬೇಕಾಗಿದ್ದೋರಿಗೆ 13. ಸುಳ್ಳು ಹೇಳಿರಬಹುದಲ್ಲ ಅಂತೀರಾ? ಅದೇ ಸರಣಿಯ ಇನ್ನೊಂದು ಪ್ರಯೋಗದಲ್ಲಿ ಕುದುರೆನೂ ಆಗಬಹುದು ಸೀಲ್ ಪ್ರಾಣಿನೂ ಆಗಬಹುದು ಅನ್ನೋ ಚಿತ್ರ ಕೊಟ್ಟು, ಬಾಯಿ ಬಿಡೋ ಮುಂಚೆ ಕಣ್ಣಿನ ಮೊದಲ ನೆಗೆತ ಯಾವ ಕಡೆಗೆ ಅಂತ ಅಳೆದ್ರು. ಕಣ್ಣೂ ಬೇಕಾದ ಕಡೆಗೇ ಹಾರಿತ್ತು. ಬಾಯಿ ಸುಳ್ಳು ಹೇಳಬಹುದು, ಆ ಮೊದಲ ನೆಗೆತಕ್ಕೆ ಸುಳ್ಳು ಹೇಳೋಷ್ಟು ಪುರುಸೊತ್ತು ಇರಲ್ಲ.

ಹಾಗಾಗಿ ನನ್ನ ಉತ್ತರ, ನೀವು ಸುಳ್ಳು ಹೇಳಿಲ್ಲ. ಇದನ್ನ ತಕ್ಕಡಿ ಅಂದ್ಕೊಳ್ಳಿ. ಆಸೆ ಎರಡು ಥರ ಕೈಯಾಡಿಸಬಹುದು. ಒಂದು, ತೂಕ ಶುರುವಾಗೋ ಮೊದಲೇ ತಟ್ಟೆ ಒಂದು ಕಡೆ ವಾಲಿರೋದು. ಇನ್ನೊಂದು, ತಟ್ಟೆ ಸಮ ಇದ್ರೂ ಬೀಳೋ ಕಾಳೇ ಒಂದು ಕಡೆಗೆ ಜಾಸ್ತಿ ಬೀಳೋದು, ಅಂದ್ರೆ ಕಣ್ಣಿಂದ ಬರೋ ಮಾಹಿತಿನೇ ಬೇಕಾದ ಕಡೆ ಬೇಗ ಸೇರೋದು. 2019ರಲ್ಲಿ ಲಿಯಾಂಗ್ ಮತ್ತು ಜೊತೆಯವರು ಮುಖ ಮತ್ತು ದೃಶ್ಯ ಎರಡನ್ನೂ ಬೆರೆಸಿದ ಚಿತ್ರ ತೋರಿಸಿ, ಯಾವುದು ಜಾಸ್ತಿ ಇದೆ ಹೇಳಿ ಅಂತ ಕೇಳ್ತಾ ಮೆದುಳು ಸ್ಕ್ಯಾನ್ ಮಾಡಿದ್ರು. ಬೇಕಾದ ಚಿತ್ರ ಬಂದ್ರೆ ದುಡ್ಡು, ಆದ್ರೆ ಉತ್ತರ ಸರಿ ಇದ್ರೆ ಅದಕ್ಕೆ ಬೇರೆ ದುಡ್ಡು, ಅಂದ್ರೆ ಬಾಯಲ್ಲಿ ಸುಳ್ಳು ಹೇಳಿದ್ರೆ ನಷ್ಟ ನಿಮಗೇ. ಆದ್ರೂ ಜನ ಬೇಕಾದ ಕಡೆಗೇ ವಾಲಿದ್ರು, ಮತ್ತೆ ಎರಡೂ ಥರದ ವಾಲಾಟ ಸಿಕ್ತು, ನೋಡೋ ಕೆಲಸ ಮಾಡೋ ಮೆದುಳಿನ ಭಾಗದಲ್ಲೇ ಅದರ ಗುರುತು ಇತ್ತು.


ಅನುಮಾನಪ್ಪ:

ಸ್ವಲ್ಪ ತಡೀರಿ ಸ್ವಾಮಿ, ಇಷ್ಟು ಬೇಗ ಕ್ಲೀನ್ ಚಿಟ್ ಬೇಡ.

ಈ "ಬೇಕಾದ್ದು ಕಣ್ಣಿಗೆ ಕಾಣುತ್ತೆ" ಅನ್ನೋ ಸಂಶೋಧನೆಗಳಲ್ಲಿ ಎಷ್ಟೋ ಮರು ಪರೀಕ್ಷೆ ಮಾಡಿದಾಗ ಸೊರಗಿವೆ. ಇದರ ಅಜ್ಜ ಅನ್ನಬಹುದಾದ ಪ್ರಯೋಗ 1947ರದು, ಬ್ರೂನರ್ ಮತ್ತು ಗುಡ್‌ಮನ್, ಹತ್ತು ವರ್ಷದ ಮಕ್ಕಳ ಕೈಗೆ ಒಂದು ಗುಂಡಿ ಕೊಟ್ಟು, ತಿರುಗಿಸಿ ಬೆಳಕಿನ ವೃತ್ತವನ್ನ ನಾಣ್ಯದ ಅಳತೆಗೆ ತನ್ನಿ ಅಂದ್ರು. ಮಕ್ಕಳು ನಾಣ್ಯವನ್ನ ಇರೋದಕ್ಕಿಂತ ದೊಡ್ಡದು ಮಾಡಿದ್ರು, ಬಡ ಮಕ್ಕಳು ಇನ್ನೂ ದೊಡ್ಡದು ಮಾಡಿದ್ರು. ಎಲ್ಲರೂ ಆಹಾ ಅಂದ್ರು. ಎರಡೇ ವರ್ಷಕ್ಕೆ ಕಾರ್ಟರ್ ಮತ್ತು ಸ್ಕೂಲರ್ ಮತ್ತೆ ಮಾಡಿ ನೋಡಿದ್ರೆ, ನಾಣ್ಯ ಕಣ್ಣೆದುರಿಗೇ ಇದ್ದಾಗ ಬಡವ ಬಲ್ಲಿದ ವ್ಯತ್ಯಾಸ ಸರಿಯಾಗಿ ನಿಲ್ಲಲಿಲ್ಲ, ನೆನಪಿಂದ ಮಾಡಿ ಅಂದಾಗ ಬಂತು. ಅಂದ್ರೆ ಆಸೆ ಕೂತಿದ್ದು ನೆನಪಲ್ಲಿ.

ಈಗ ನಮ್ಮ ಆಟಗಾರರು ಬರೆದಿದ್ದು ಮತ್ತೆ ಓದಿ. "ಕಣ್ಣು ಮುಚ್ಚಿದ್ರೂ ಆ ಎರಡು ಬೆರಳು ಜಾಗ ಹಾಗೇ ಇದೆ" ಅಂತೆ. ಗುರುಗಳೇ, ಕಣ್ಣು ಮುಚ್ಕೊಂಡು ನೋಡೋದಕ್ಕೆ ನೆನಪು ಅಂತಾರೆ. ಔಟ್ ಅಂದಾಗ, ಆಮೇಲೆ ಎದುರು ಪಾರ್ಟಿ ಗೊಣಗಿದಾಗ, ರಾತ್ರಿ ವಿಡಿಯೋ ಬಂದಾಗ, ಪ್ರತಿ ಸಲವೂ ನೀವು ಆ ನೆಲವನ್ನ ಒಂದು ಸುತ್ತು ಗುಡಿಸಿ ಸಾರಿಸಿದೀರ. ಈಗ ಫಳಫಳ ಹೊಳೀತಿದೆ.

ಇನ್ನೊಂದು ಬ್ಯಾಗಿನ ಕಥೆ. ಬೆನ್ನಿಗೆ ಭಾರದ ಬ್ಯಾಗ್ ಹಾಕ್ಕೊಂಡ್ರೆ ಗುಡ್ಡ ಇನ್ನೂ ಕಡಿದಾಗಿ ಕಾಣುತ್ತೆ ಅಂತ 1999ರಲ್ಲಿ ಭಲ್ಲಾ ಮತ್ತು ಪ್ರಾಫಿಟ್ ಹೇಳಿದ್ರು. 2009ರಲ್ಲಿ ಡರ್ಗಿನ್ ತಂಡ ಅದೇ ಥರ ಭಾರದ ಬ್ಯಾಗ್ ಹಾಕಿಸಿ, ಕೆಲವರಿಗೆ ಮಾತ್ರ "ಇದರೊಳಗೆ ಸ್ನಾಯು ಅಳೆಯೋ ಯಂತ್ರ ಇದೆ" ಅಂತ ಒಂದು ನೆಪ ಹೇಳಿದ್ರು. ಅವರಿಗೆ ಗುಡ್ಡ ಮಾಮೂಲಿ ಗುಡ್ಡವಾಗೇ ಉಳೀತು. ಅಂದ್ರೆ ಉಳಿದವರು "ಓಹೋ ಬ್ಯಾಗ್ ಹಾಕ್ಸಿದಾರೆ, ಕಡಿದು ಅಂತ ಹೇಳಲಿ ಅಂತ ಇರಬೇಕು" ಅಂತ ಊಹಿಸಿ ಹೇಳಿದ್ರು, ಅವರಿಗೇ ಗೊತ್ತಿಲ್ಲದ ಹಾಗೆ ಇರಬಹುದು. 2016ರಲ್ಲಿ ಫೈರ್‌ಸ್ಟೋನ್ ಮತ್ತು ಶಾಲ್ ಇಂಥ ಪ್ರಯೋಗಗಳನ್ನ ಒಂದೊಂದಾಗಿ ಹಿಡಿದು ಜಾಡಿಸಿ ಬರೆದಿದಾರೆ.

ಅವರ ವಾದದಲ್ಲಿ ನನಗೆ ಇಷ್ಟವಾದ ಒಂದು ತಮಾಷೆ ಇದೆ. ಎಲ್ ಗ್ರೆಕೋ ಅನ್ನೋ ಚಿತ್ರಕಾರ ಮನುಷ್ಯರನ್ನ ಉದ್ದುದ್ದ ಬರೀತಿದ್ದ, ಅವನ ಕಣ್ಣಲ್ಲಿ ದೋಷ ಇತ್ತು, ಅವನಿಗೆ ಎಲ್ಲ ಉದ್ದಕ್ಕೇ ಕಾಣ್ತಿತ್ತು ಅಂತ ಒಂದು ಕಾಲದಲ್ಲಿ ಜನ ಹೇಳೋರು. ಅರೆ, ಎಲ್ಲ ಉದ್ದಕ್ಕೆ ಕಂಡ್ರೆ ಕ್ಯಾನ್ವಾಸ್ ಮೇಲಿನ ಚಿತ್ರಾನೂ ಉದ್ದಕ್ಕೇ ಕಾಣ್ಬೇಕಲ್ವಾ? ಆಗ ಅವನು ಸರಿಯಾದ ಅಳತೆಗೇ ಬರೀತಿದ್ದ, ದೋಷ ದೋಷಕ್ಕೆ ವಜಾ ಆಗೋದು. ಹಾಗೇ, ಅಳೆಯೋ ಕೋಲಿಗೂ ವಸ್ತುವಿಗೂ ಒಂದೇ ದೋಷ ತಗುಲಬೇಕಾದ ಕಡೆಯೂ ನಿಮ್ಮ ಪ್ರಯೋಗದಲ್ಲಿ ವ್ಯತ್ಯಾಸ ಬಂತು ಅಂದ್ರೆ, ಅದು ಕಣ್ಣಿಂದ ಬಂದಿದ್ದಾಗಿರೋಕೆ ಸಾಧ್ಯ ಇಲ್ಲ.

ಇಷ್ಟೆಲ್ಲಾ ಹೇಳಿ ಈಗ ನಿಮ್ಮ ಪರವಾಗಿ ಒಂದು ಮಾತು. ವೇಗವಾಗಿ ಹೋಗೋ ವಸ್ತು ಇರೋ ಜಾಗಕ್ಕಿಂತ ಸ್ವಲ್ಪ ಮುಂದೆ ಕಾಣೋದು ಮಾಮೂಲಿ. 2008ರಲ್ಲಿ ವಿಟ್ನಿ ತಂಡ ಹಿಂದಿನ ವರ್ಷದ ವಿಂಬಲ್ಡನ್ ತೀರ್ಪುಗಳನ್ನ ನೋಡಿದಾಗ ತಪ್ಪಾದವುಗಳಲ್ಲಿ ಬಹುಪಾಲು ಇನ್ ಬಾಲನ್ನ ಔಟ್ ಅಂದಿದ್ದೇ. ಆ ಲೈನ್ ಜಡ್ಜ್‌ಗಳಿಗೆ ಯಾರು ಗೆದ್ರೆ ಏನು? ಆಸೆ ಇಲ್ಲದೋರಿಗೂ ಬಾಲ್ ಗೆರೆ ಆಚೆ ಕಂಡಿತ್ತು. ಹಾಗಾಗಿ ನಿಮ್ಮ ಎರಡು ಬೆರಳಲ್ಲಿ ಅರ್ಧ ಬೆರಳನ್ನ ಕಣ್ಣಿನ ಲೆಕ್ಕಕ್ಕೆ ಬರೀಬಹುದು. ಉಳಿದ ಒಂದೂವರೆ ಬೆರಳು ನಿಮ್ಮದೇ.


ಸ್ಲೈಡ್_ಸುಬ್ಬಿ:

ಒಂದೂವರೆ ಬೆರಳು 😂😂

ನಾನು ಲ್ಯಾಬಲ್ಲಿ ಇರೋಳು, ದಿನಾ ಮೈಕ್ರೋಸ್ಕೋಪಲ್ಲಿ ಸೆಲ್ (ಜೀವಕೋಶ) ಎಣಿಸ್ತೀನಿ, ನಿಮ್ಮ ಗೆರೆ ಜಗಳ ನಮ್ಮಲ್ಲಿ ಪ್ರತಿದಿನ ಇದೆ. ಎಣಿಸೋ ಗಾಜಿನ ಮೇಲೆ ಚೌಕ ಚೌಕ ಗೆರೆ ಇರುತ್ತೆ, ಚೌಕದ ಒಳಗಿರೋದನ್ನ ಎಣಿಸ್ಬೇಕು. ಗೆರೆ ಮೇಲೆ ಕೂತಿರೋ ಸೆಲ್ ಒಳಗಾ ಹೊರಗಾ? ಕಲಿಸೋವಾಗ ಮೊದಲ ದಿನವೇ ಹೇಳ್ತಾರೆ, ಮೇಲಿನ ಗೆರೆ, ಎಡಗಡೆ ಗೆರೆ ಮುಟ್ಟಿದ್ರೆ ಲೆಕ್ಕಕ್ಕೆ ತಗೋ, ಕೆಳಗಿನದು, ಬಲಗಡೆದು ಮುಟ್ಟಿದ್ರೆ ಬಿಡು. ಒಂದೇ ಸೆಲ್ಲನ್ನ ಅಕ್ಕಪಕ್ಕದ ಎರಡು ಚೌಕದಲ್ಲೂ ಎಣಿಸಬಾರದು ಅಂತ ಈ ನಿಯಮ. ಆದ್ರೆ ನನ್ನ ಪ್ರಕಾರ ಇದರ ದೊಡ್ಡ ಉಪಕಾರ ಬೇರೆ, ಗೆರೆ ಮೇಲಿನ ಸೆಲ್ ಬಗ್ಗೆ ನನಗೆ ಅಭಿಪ್ರಾಯ ಇರೋಕೇ ಬಿಡಲ್ಲ ಅದು.

ಅಭಿಪ್ರಾಯಕ್ಕೆ ಬಿಟ್ರೆ ಏನಾಗುತ್ತೆ ಹೇಳ್ತೀನಿ. ಸತ್ತ ಸೆಲ್ ಗುರುತಿಸೋಕೆ ಒಂದು ನೀಲಿ ಬಣ್ಣ ಹಾಕ್ತೀವಿ, ಟ್ರಿಪಾನ್ ಬ್ಲೂ ಅಂತ, ಸತ್ತಿದ್ದು ನೀಲಿ ಆಗುತ್ತೆ, ಬದುಕಿದ್ದು ಬೆಳ್ಳಗೆ ಹೊಳೀತಾ ಇರುತ್ತೆ. ಮಧ್ಯೆ ಕೆಲವು ಇರ್ತವೆ, ಇತ್ತ ನೀಲಿನೂ ಅಲ್ಲ ಅತ್ತ ಬಿಳಿನೂ ಅಲ್ಲ, ತೊಳೆದ ಮೇಲೆ ಉಳಿದ ಇಂಕಿನ ಕಲೆ ಥರ. ನಾನು ಕೆಲಸ ಮಾಡ್ತಿದ್ದ ಔಷಧಿ ಸೆಲ್ಲನ್ನ ಕೊಲ್ಲಬೇಕು ಅಂತ ಆರು ತಿಂಗಳಿಂದ ಹರಕೆ ಹೊತ್ತೋಳ ಥರ ಕೂತಿದ್ದೆ. ಔಷಧಿ ಹಾಕಿದ ಟ್ಯೂಬ್ ನೋಡುವಾಗ ಆ ಮಧ್ಯದವೆಲ್ಲ ನನಗೆ ನೀಲಿ. ಹಾಕದೇ ಇರೋ ಟ್ಯೂಬಲ್ಲಿ ಅದೇ ಥರದವು ಬಿಳಿ. ಒಂದು ದಿನ ಸೀನಿಯರ್ ಅಕ್ಕ ಬಂದು ಎಲ್ಲ ಟ್ಯೂಬಿನ ಹೆಸರಿನ ಮೇಲೆ ಟೇಪ್ ಹಚ್ಚಿ, ಕಲಸಿ, ನಂಬರ್ ಬರೆದು, ಈಗ ಎಣಿಸು ಅಂದ್ರು. ಆ ಸಲ ವ್ಯತ್ಯಾಸ ಮುಕ್ಕಾಲು ಪಾಲು ಮಾಯ. ನಾನು ಒಂದು ಅಂಕಿನೂ ತಿದ್ದಿರಲಿಲ್ಲ, ಕಂಡಿದ್ದನ್ನೇ ಬರೆದಿದ್ದೆ, ಎರಡೂ ಸಲ. ಬಾತ್‌ರೂಮಿಗೆ ಹೋಗಿ ಅತ್ತೆ ಅದು ಬೇರೆ ವಿಷ್ಯ.

ಸಮಾಧಾನ ಅಂದ್ರೆ ನನಗಿಂತ ದೊಡ್ಡೋರೂ ಇದರಲ್ಲಿ ಬಿದ್ದಿದಾರೆ. 1903ರಲ್ಲಿ ಫ್ರಾನ್ಸಿನ ನಾನ್ಸಿ ವಿಶ್ವವಿದ್ಯಾಲಯದ ಬ್ಲಾಂಡ್ಲೋ ಎನ್ ಕಿರಣ ಅಂತ ಹೊಸ ಕಿರಣ ಕಂಡುಹಿಡಿದೆ ಅಂದ. ಎಕ್ಸ್ ರೇ ಬಂದು ಎಂಟು ವರ್ಷ ಆಗಿತ್ತಷ್ಟೇ, ಎಲ್ಲರಿಗೂ ಇನ್ನೊಂದು ಕಿರಣದ ಆಸೆ. ಕತ್ತಲ ಕೋಣೆಯಲ್ಲಿ ಒಂದು ಮಂಕು ಬೆಳಕು ಒಂಚೂರು ಜಾಸ್ತಿ ಆಗುತ್ತಾ ಅಂತ ಬರಿಗಣ್ಣಲ್ಲಿ ನೋಡೋದು, ಅದೇ ಸಾಕ್ಷಿ. ಫ್ರಾನ್ಸಲ್ಲಿ ಇನ್ನೂ ಎಷ್ಟೋ ವಿಜ್ಞಾನಿಗಳಿಗೆ ಅದು ಕಂಡೂ ಬಿಡ್ತು! 1904ರಲ್ಲಿ ಅಮೆರಿಕದ ರಾಬರ್ಟ್ ವುಡ್ ನೋಡೋಕೆ ಹೋದೋನು ಕತ್ತಲಲ್ಲಿ ಸದ್ದಿಲ್ಲದೆ ಉಪಕರಣದ ಪಟ್ಟಕವನ್ನೇ ಎತ್ತಿಟ್ಕೊಂಡ. ಆ ಪಟ್ಟಕ ಇಲ್ಲದೆ ಕಿರಣ ಬಾಗೋ ಹಾಗೇ ಇಲ್ಲ, ಇವರು ಮಾತ್ರ ಮೊದಲಿನ ಹಾಗೇ ಅಳತೆ ಓದ್ತಾನೇ ಹೋದ್ರು. ಮಲ್ಲಿ ಮೇಡಂ ಹೇಳಿದ ಸಂದು ಇದೇ, ಮಬ್ಬು ಬೆಳಕು, ಮಬ್ಬು ನೀಲಿ, ಗೆರೆ ಅಂಚು.

ಅನುಮಾನಪ್ಪನವರಿಗೆ ಒಂದು ಪ್ರಶ್ನೆ, ನನ್ನದು ನೆನಪಲ್ಲ ಸರ್, ಸೆಲ್ ಕಣ್ಣೆದುರಿಗೇ ಇತ್ತು, ಎಷ್ಟು ಹೊತ್ತು ಬೇಕಾದ್ರೂ ನೋಡಬಹುದಿತ್ತು. ಇದಕ್ಕೇನಂತೀರ?


ಅನುಮಾನಪ್ಪ:

ಒಳ್ಳೇ ಪ್ರಶ್ನೆ ತಾಯಿ. ನೀಲಿ ನಿಮಗೆ ಎರಡೂ ಸಲ ಅಷ್ಟೇ ನೀಲಿಯಾಗಿ ಕಂಡಿರಬಹುದು, ಎಷ್ಟು ನೀಲಿ ಇದ್ರೆ "ಸತ್ತಿದೆ" ಅನ್ಬೇಕು ಅನ್ನೋ ಗೆರೆ ಮಾತ್ರ ನೀವು ಸರಿಸಿದ್ರಿ ಅಂತ ನಾನು ವಾದ ಮಾಡಬಲ್ಲೆ. ಆದ್ರೆ ನಿಮಗೆ ಅದು ಹಾಗೆ ಅನುಭವಕ್ಕೆ ಬಂದಿಲ್ಲ ಅನ್ನೋದನ್ನ ಒಪ್ತೀನಿ. ಗೆರೆ ಸರಿಸಿದೋರಿಗೆ ಗೆರೆ ಸರಿಸಿದ್ದು ಗೊತ್ತಾಗಲ್ಲ, ಬಣ್ಣ ಕಂಡ ಹಾಗೇ ಇರುತ್ತೆ. ಇಲ್ಲಿ ನನ್ನ ಸಿದ್ಧಾಂತಕ್ಕೆ ಸ್ವಲ್ಪ ಉಸಿರು ಕಟ್ಟುತ್ತೆ, ನಿಜ.


ಹಿಂದಿನ_ಗೆರೆ:

ಎಲ್ಲರದ್ದೂ ಓದಿದೆ, ಎರಡೆರಡು ಸಲ. ಎರಡನೇ_ಸಾಲು ಅವರ ತಕ್ಕಡಿ ತಲೆಯಲ್ಲಿ ಕೂತಿತ್ತು, ಹಾಗಾಗಿ ನಿನ್ನೆ ವಿಡಿಯೋ ಮತ್ತೆ ತೆಗೆದೆ. ಇಲ್ಲಿವರೆಗೂ ನೋಡಿದಾಗೆಲ್ಲ ಕಾಕ್ ಮತ್ತು ಗೆರೆ ಮಾತ್ರ ನೋಡ್ತಿದ್ದೆ (ಅದೂ ಮೊದಲ ಹತ್ತು ಸಲ ಆ ಎರಡು ಬೆರಳು ಎಲ್ಲಾದ್ರೂ ಸಿಗುತ್ತಾ ಅಂತ). ಈ ಸಲ ನನ್ನನ್ನ ನೋಡ್ಕೊಂಡೆ.

ಒಂದೊಂದೇ ಫ್ರೇಮ್ ತಳ್ಕೊಂಡು ಬಂದೆ. ಕಾಕ್ ನನ್ನ ತಲೆ ದಾಟುತ್ತೆ, ನಾನು ತಿರುಗ್ತೀನಿ, ರಾಕೆಟ್ ಕೆಳಗೆ ಇಳಿದಿದೆ, ಹೊಡೆಯೋ ಪ್ರಯತ್ನವೇ ಬಿಟ್ಟಿದೀನಿ. ಕಾಕ್ ಇನ್ನೂ ಮೊಣಕಾಲೆತ್ತರದಲ್ಲಿದೆ. ನನ್ನ ಎಡಗೈ ಆಗಲೇ ಔಟ್ ಅಂತ ಪಕ್ಕಕ್ಕೆ ಚಾಚಿದೆ.

ನೆಲ ಮುಟ್ಟೋ ಮೊದಲೇ! ಬಾಯಿ ಕೂಡ ತೆರೆದಿದೆ.


ಎರಡನೇ_ಸಾಲು:

ಅಯ್ಯಯ್ಯೋ. ಅಂದ್ರೆ ಒಂದು ಕಾಳೂ ಬೀಳೋ ಮೊದಲೇ ತಟ್ಟೆ ನೆಲ ಮುಟ್ಟಿತ್ತು.


ಅನುಮಾನಪ್ಪ:

ನಾನು ಹೇಳಿದ್ನಲ್ಲ ಅಂತ ಹೇಳಲ್ಲ. ಆದ್ರೆ ಹೇಳಿದ್ದೆ. ಕೈ ಮೊದಲು ಹೋಯ್ತು, ಎರಡು ಬೆರಳು ನೆಲ ಆಮೇಲೆ ಬಂತು, ಕೈಗೆ ಸಾಕ್ಷಿ ಹೇಳೋಕೆ.


ಹಿಂದಿನ_ಗೆರೆ:

ಇರಬಹುದು. ಆದ್ರೆ ಒಂದು ವಿಚಿತ್ರ ನೋಡಿ, ಇಷ್ಟೆಲ್ಲಾ ಗೊತ್ತಾದ ಮೇಲೂ ಕಣ್ಣು ಮುಚ್ಚಿದ್ರೆ ಆ ಜಾಗ ಇನ್ನೂ ಕಾಣುತ್ತೆ, ಗೆರೆ ಅಲ್ಲಿ, ಕಾಕ್ ಇಲ್ಲಿ, ಮಧ್ಯೆ ಹಸಿರು ಮ್ಯಾಟ್. ಒಂದು ಕೂದಲೆಳೆನೂ ಕಮ್ಮಿ ಆಗಿಲ್ಲ.


ಹರಟೆಮಲ್ಲಿ:

ಅದೆಲ್ಲ ಇರ್ಲಿ ಸರ್. ಆ ವಿಡಿಯೋ ಎದುರು ಪಾರ್ಟಿಗೆ ಕಳಿಸಿದ್ರಾ?


ಹಿಂದಿನ_ಗೆರೆ:

ಇನ್ನೂ ಇಲ್ಲ.